ತೆಳ್ಳನೆಯ ಹೋಳು

ಆ ಮನೆಯಲ್ಲಿ ಇದ್ದದ್ದು ಒಂದೇ ಮೇಜು. ಬೆಳಿಗ್ಗೆ ಅದರ ಮೇಲೆ ತರಕಾರಿ ಹೆಚ್ಚುತ್ತಿದ್ದರು, ಮಧ್ಯಾಹ್ನ ಊಟ ಮಾಡುತ್ತಿದ್ದರು, ಸಂಜೆ ಅರ್ಧ ಭಾಗದಲ್ಲಿ ಅಜ್ಜಿ ಬಟ್ಟೆ ಇಸ್ತ್ರಿ ಮಾಡಿದರೆ ಇನ್ನರ್ಧದಲ್ಲಿ ಮೊಮ್ಮಗಳು ಗುಬ್ಬಿ ಓದುತ್ತಿದ್ದಳು. ಹದಿನೈದು ವರ್ಷದ ಆ ಹುಡುಗಿಗೆ ಶಾಲೆಯಲ್ಲಿ ಬೇರೆ ಹೆಸರಿತ್ತು. ಮನೆಯಲ್ಲಿ ಮಾತ್ರ ಹುಟ್ಟಿದಾಗಿನಿಂದ ಗುಬ್ಬಿಯೇ. ಇಂಥ ಮೇಜಿನ ಮೇಲೆ ಒಂದು ಸೋಮವಾರ ಸಂಜೆ ಸೊಸೆ ಆಫೀಸಿನ ಲ್ಯಾಪ್‌ಟಾಪು ತಂದಿಟ್ಟಳು.

"ಅದನ್ನ ಇಲ್ಲಿಡಬೇಡಮ್ಮ, ಇಸ್ತ್ರಿ ಪೆಟ್ಟಿಗೆ ತಗಲಿದ್ರೆ ಕರಗಿ ಹೋಗುತ್ತೆ," ಎಂದಳು ಅಜ್ಜಿ.

"ಇಸ್ತ್ರಿ ಪೆಟ್ಟಿಗೇನ ಆ ಕಡೆ ಇಟ್ಕೊಳ್ಳಿ ಅತ್ತೆ."

"ಆ ಕಡೆ ಪ್ಲಗ್ಗಿಲ್ಲ."

"ನಂಗೂ ಪ್ಲಗ್ಗು ಬೇಕಲ್ಲ."

ಗುಬ್ಬಿ ಪುಸ್ತಕದಿಂದ ತಲೆಯೆತ್ತದೆ, "ನಂಗೆ ಪ್ಲಗ್ಗು ಬೇಡ. ನೀವಿಬ್ರೂ ನನ್ನ ತಂಟೆಗೆ ಬರ್ಬೇಡಿ, ಅಷ್ಟೇ," ಎಂದಳು.

ಸೊಸೆ ಹಾಸಿಗೆ ಮತ್ತು ದಿಂಬು ತಯಾರಿಸುವ ಕಂಪನಿಯೊಂದರ ಮುಖ್ಯ ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ಗುಮಾಸ್ತೆ. ಕಂಪನಿಗೆ ಊರಿನಲ್ಲಿ ಐದು ಅಂಗಡಿಗಳಿದ್ದವು. ಅವುಗಳಲ್ಲಿ ಎಲ್ಲಕ್ಕಿಂತ ಹಳೆಯದೂ ಎಲ್ಲಕ್ಕಿಂತ ಚಿಕ್ಕದೂ ಮಾರುಕಟ್ಟೆ ಬೀದಿಯದು. ಅದನ್ನು ನೋಡಿಕೊಳ್ಳುತ್ತಿದ್ದವನು ಅವಳ ಗಂಡ, ಅಂದರೆ ಅಜ್ಜಿಯ ಒಬ್ಬನೇ ಮಗ. ಆ ಬೀದಿಯವರು ಅವನನ್ನು 'ಹಾಸಿಗೆ ಮೇಷ್ಟ್ರು' ಎಂದು ಕರೆಯುತ್ತಿದ್ದರು. ಗಿರಾಕಿ ಬಂದರೆ ಅವನು ಮೊದಲು ಬೆಲೆ ಹೇಳುತ್ತಿರಲಿಲ್ಲ. ಚಪ್ಪಲಿ ಬಿಚ್ಚಿಸಿ ಮಲಗಿಸುತ್ತಿದ್ದ. ಎಡಮಗ್ಗುಲು, ಬಲಮಗ್ಗುಲು, ಅಂಗಾತ. ಮನೆಯ ಹಾಸಿಗೆ ಎಷ್ಟು ವರ್ಷದ್ದು, ಯಾರ ಬೆನ್ನು ನೋಯುತ್ತದೆ ಎಂದೆಲ್ಲ ವಿಚಾರಿಸುತ್ತಿದ್ದ. ಒಮ್ಮೊಮ್ಮೆ, "ಹೊಸದು ಯಾಕೆ? ಇರೋದನ್ನೇ ತಿರುಗಿಸಿ ಹಾಕ್ಕೊಳ್ಳಿ, ಇನ್ನೆರಡು ವರ್ಷ ಬರುತ್ತೆ," ಎಂದು ಬರಿಗೈಯಲ್ಲಿ ಕಳಿಸುತ್ತಿದ್ದದ್ದೂ ಉಂಟು.

ಅಂಗಡಿಯಿಂದ ಮನೆಗೆ ಎಂಟು ನಿಮಿಷದ ನಡಿಗೆ. ದಿನಾ ಒಂದು ಗಂಟೆಗೆ ಅವನು ಷಟರು ಅರ್ಧ ಎಳೆದು ಊಟಕ್ಕೆ ಬರುತ್ತಿದ್ದ. ಸೊಸೆ ಮತ್ತು ಗುಬ್ಬಿ ಡಬ್ಬಿ ಒಯ್ಯುವವರಾದ್ದರಿಂದ ಮಧ್ಯಾಹ್ನದ ಊಟ ತಾಯಿ ಮಗ ಇಬ್ಬರದೇ.

ಕಚೇರಿಯಲ್ಲಿ ಮಾರಾಟದ ಚಾರ್ಟು ಮಾಡುತ್ತಿದ್ದವನು ಬೇರೆ ಕೆಲಸ ಸಿಕ್ಕಿ ಬಿಟ್ಟುಹೋಗಿದ್ದ. ಮಾರಾಟ ವಿಭಾಗಕ್ಕೆ ಹೊಸದಾಗಿ ಬಂದಿದ್ದ ಮೇಡಂ ಆ ಕೆಲಸವನ್ನು ಸೊಸೆಯ ತಲೆಗೆ ಕಟ್ಟಿದ್ದರು. "ಇಪ್ಪತ್ತು ಪುಟದ ಪಟ್ಟಿ ಯಾರೂ ಓದಲ್ಲ. ಚಿತ್ರ ಬೇಕು. ಸಾಫ್ಟ್‌ವೇರ್ ಇದೆ, ಕಲ್ತುಕೊಳ್ಳಿ," ಎಂದಿದ್ದರು. ನಲವತ್ತಮೂರನೇ ವಯಸ್ಸಿನಲ್ಲಿ ಹೊಸದಾಗಿ ಕಲಿಯುವುದನ್ನು ಕಚೇರಿಯ ಎಳೆಯರ ಮುಂದೆ ಕಲಿಯಲು ನಾಚಿಕೆಯಾಗಿ ಸೊಸೆ ಲ್ಯಾಪ್‌ಟಾಪನ್ನು ಮನೆಗೇ ತಂದಿದ್ದಳು.

ಮೊದಲ ಚಾರ್ಟು ಬುಧವಾರ ತಯಾರಾಯಿತು. ಹತ್ತಿ ಹಾಸಿಗೆ, ಸ್ಪ್ರಿಂಗ್ ಹಾಸಿಗೆ, ಫೋಮ್ ಹಾಸಿಗೆ, ಮಕ್ಕಳ ಹಾಸಿಗೆ, ನಾಲ್ಕು ಥರದ ದಿಂಬು, ಗವಸು, ಹೊದಿಕೆ ಎಲ್ಲಾ ಸೇರಿ ಹದಿನಾಲ್ಕು ಹೋಳು, ಹದಿನಾಲ್ಕು ಬಣ್ಣ. ಸೊಸೆ ಹೆಮ್ಮೆಯಿಂದ ಪರದೆಯನ್ನು ಅತ್ತೆಯ ಕಡೆ ತಿರುಗಿಸಿದಳು.

"ಇದು ಪೈ ಚಾರ್ಟು ಅತ್ತೆ. ಯಾವುದು ಎಷ್ಟು ಮಾರಾಟ ಆಯ್ತು ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ."

ಅಜ್ಜಿ ಕನ್ನಡಕ ಹಾಕಿಕೊಂಡು ನೋಡಿದಳು. "ಈ ಚಕ್ರದಲ್ಲಿ ಯಾವುದನ್ನ ನೋಡ್ಲಿ?"

"ಎಲ್ಲಾನೂ."

"ಎಲ್ಲಾನೂ ನೋಡೋಕೆ ನಂಗೇನು ಹತ್ತು ಕಣ್ಣಾ? ಈ ತಿಳಿ ನೀಲಿಗೂ ಆ ತಿಳಿ ನೀಲಿಗೂ ಏನು ವ್ಯತ್ಯಾಸ?"

"ಒಂದು ದಿಂಬು, ಒಂದು ಗವಸು."

"ಒಂದೇ ಬಣ್ಣದ ಎರಡು ಷರ್ಟು ಬಂದ್ರೆ ಲಾಂಡ್ರೀಲಿ ನಾವು ಕಾಲರಿಗೆ ನೂಲು ಕಟ್ತಿದ್ವಿ. ನೀನೂ ಏನಾದ್ರೂ ಕಟ್ಟು." ಅಜ್ಜಿ ಮೂವತ್ತು ವರ್ಷ ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿದವಳು.

ಸೊಸೆ ನಕ್ಕಳು. ಮರುದಿನ ಮೇಡಂ ಅದೇ ಚಾರ್ಟನ್ನು ಎರಡು ಕ್ಷಣ ನೋಡಿ, "ಇಷ್ಟೊಂದು ಹೋಳು ಯಾಕೆ? ಐದಕ್ಕೆ ಇಳಿಸಿ. ಹೆಸರನ್ನ ಹೋಳಿನ ಮೇಲೇ ಬರೀರಿ, ಬಣ್ಣ ಹುಡುಕೋ ಕೆಲಸ ನಂಗೆ ಕೊಡ್ಬೇಡಿ," ಎಂದು ವಾಪಸು ಕೊಟ್ಟರು. ಸೊಸೆ ಸಂಜೆ ಮನೆಗೆ ಬಂದವಳೇ, "ಅತ್ತೆ, ನೀವು ಹೇಳಿದ್ದನ್ನೇ ಮೇಡಂ ಇಂಗ್ಲಿಷಲ್ಲಿ ಹೇಳಿದ್ರು," ಎಂದಳು. ಅಜ್ಜಿಗೆ ಅವತ್ತು ಒಂದು ತುತ್ತು ಹೆಚ್ಚೇ ಸೇರಿತು.

ಅಲ್ಲಿಂದ ಮುಂದೆ ಅಜ್ಜಿ ನೋಡಿ ಒಪ್ಪದೆ ಯಾವ ಚಾರ್ಟೂ ಮನೆ ಬಿಟ್ಟು ಹೋಗಲಿಲ್ಲ. ಸೊಸೆ ಮೇಜಿಗೆ ಅಂಟಿಕೊಂಡದ್ದರಿಂದ ಸಂಜೆಯ ಅಡಿಗೆಯಲ್ಲಿ ಅರ್ಧ ಮಗನ ಪಾಲಿಗೆ ಬಂತು. ಅವನು ಆಲೂಗಡ್ಡೆಯ ಸಿಪ್ಪೆ ತೆಗೆದರೆ ಸಿಪ್ಪೆಯ ಜೊತೆ ಕಾಲು ಆಲೂಗಡ್ಡೆಯೂ ಹೋಗುತ್ತಿತ್ತು.

"ಲೋ, ಸಿಪ್ಪೇನ ಬೇಯಿಸ್ಬೇಕೋ, ಗಡ್ಡೇನ ಬೇಯಿಸ್ಬೇಕೋ?" ಎಂದು ಅಜ್ಜಿ ಗದರುತ್ತಿದ್ದಳು.

"ಅದನ್ನೂ ಒಂದು ಚಕ್ರ ಮಾಡ್ಸು ಅಮ್ಮ. ಸಿಪ್ಪೆ ಎಷ್ಟು, ಗಡ್ಡೆ ಎಷ್ಟು ಅಂತ."

ಹೀಗೆ ಎರಡು ವಾರ ಕಳೆಯಿತು. ಸೊಸೆಯ ಬೆರಳು ಪಳಗಿತು. ಕಚೇರಿಯ ಎಳೆಯರೇ ಅವಳ ಮೇಜಿನ ಹತ್ತಿರ ಬಂದು, "ಅಕ್ಕಾ, ಇದನ್ನ ಹೇಗೆ ಮಾಡಿದ್ರಿ?" ಎಂದು ಕೇಳತೊಡಗಿದರು.

ಮೂರನೇ ವಾರದ ಶುಕ್ರವಾರ ಮೇಡಂ ಅವಳನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು. "ಆರು ತಿಂಗಳ ಮಾರಾಟ, ಯಾವ ಅಂಗಡೀಲಿ ಎಷ್ಟು ಅಂತ ಒಂದು ಪೈ ಚಾರ್ಟು ಮಾಡಿ. ತಿಂಗಳ ಕೊನೇಲಿ ನಿರ್ದೇಶಕರ ಸಭೆ. ಒಂದು ಅಂಗಡಿ ಮುಚ್ಚಬೇಕು ಅಂತಿದಾರೆ. ಸದ್ಯಕ್ಕೆ ಯಾರಿಗೂ ಹೇಳ್ಬೇಡಿ."

ಸೊಸೆ ತನ್ನ ಜಾಗಕ್ಕೆ ಬಂದು ಐದು ಸಾಲು ತುಂಬಿದಳು. ಗುಂಡಿ ಒತ್ತಿದಳು. ಬಸ್ ನಿಲ್ದಾಣದ ಎದುರಿನ ದೊಡ್ಡ ಅಂಗಡಿ ನೂರಕ್ಕೆ ನಲವತ್ತೊಂದು. ಉಳಿದ ಮೂರು ಇಪ್ಪತ್ತೆರಡು, ಹದಿನೇಳು, ಹದಿಮೂರು. ಕೊನೆಯಲ್ಲಿ, ಎರಡು ದಪ್ಪ ಹೋಳುಗಳ ನಡುವೆ ಸಿಕ್ಕಿಕೊಂಡ ಹಾಗೆ, ಏಳು. ಮಾರುಕಟ್ಟೆ ಬೀದಿ.

ಅವಳು ಅಂಕಿ ತಪ್ಪಿರಬಹುದೆಂದು ಎರಡು ಸಲ ಪಟ್ಟಿ ತೆಗೆದು ನೋಡಿದಳು. ತಪ್ಪಿರಲಿಲ್ಲ.

ಆ ಸಂಜೆ ಬೇಳೆಗೆ ಎರಡು ಸಲ ಉಪ್ಪು ಬಿತ್ತು. ಯಾರಾದರೂ ಅದರ ಬಗ್ಗೆ ಮಾತೆತ್ತುವ ಮೊದಲೇ ಮಗ ಬಣ್ಣದ ಎರಡು ಡಬ್ಬ ಹಿಡಿದು ಒಳಗೆ ಬಂದ.

"ಅಂಗಡಿ ಗೋಡೆಗೆ ತಿಳಿ ಹಳದಿ. ಹೇಗಿದೆ? ಕಂಪನೀನ ಕೇಳಿದ್ರೆ ಆರು ತಿಂಗಳು ಮಾಡ್ತಾರೆ ಅಂತ ನಾನೇ ತಂದ್ಬಿಟ್ಟೆ."

"ಈಗ್ಯಾಕೆ ಬಣ್ಣ?" ಎಂದಳು ಸೊಸೆ.

"ಗೋಡೆ ಕಪ್ಪಾಗಿದೆ."

"ಇದ್ರೆ ಇರ್ಲಿ ಬಿಡಿ. ಗೋಡೆ ನೋಡ್ಕೊಂಡು ಯಾರು ಹಾಸಿಗೆ ತಗೋತಾರೆ?"

"ಹೋದ ವಾರ ನೀನೇ ತಾನೇ, ಅಂಗಡಿ ಗುಹೆ ಥರ ಇದೆ ಅಂದಿದ್ದು?"

"ಅಂದಿದ್ದೆ. ಈಗ ಬೇಡ ಅಂತಿದೀನಿ."

ಅಜ್ಜಿ ಇಬ್ಬರ ಮುಖವನ್ನೂ ನೋಡಿ, "ಮೊದ್ಲು ಮಜ್ಜಿಗೆ ತಗೊಂಡ್ ಬಾ ಗುಬ್ಬಿ. ಇವತ್ತಿನ ಬೇಳೆ ಹಂಗೇ ಒಳಗೆ ಇಳಿಯಲ್ಲ," ಎಂದಳು.

ಮಗ ಹಟ ಬಿಡಲಿಲ್ಲ. ಮುಂದಿನ ವಾರವೆಲ್ಲ ಬೆಳಿಗ್ಗೆ ಒಂದು ಗಂಟೆ ಮುಂಚೆ ಹೋಗಿ ಗೋಡೆ ಕೆರೆದ. ಸಂಜೆ ಮನೆಗೆ ಬಂದಾಗಲೂ ಹುಬ್ಬಿನ ತುಂಬ ಸುಣ್ಣದ ಪುಡಿ. ಸೊಸೆ ಅದನ್ನು ನೋಡಲಾಗದೆ ಮುಖ ತಿರುಗಿಸಿಕೊಂಡು ಓಡಾಡುತ್ತಿದ್ದಳು. ಹೇಳಲೂ ಆಗದು, ನುಂಗಲೂ ಆಗದು.

ಒಂಬತ್ತನೇ ದಿನ ಭಾನುವಾರ. ಮಗ ಬಣ್ಣ ಹೊಡೆಯಲು ಅಂಗಡಿಗೆ ಹೋಗಿದ್ದ. ಗುಬ್ಬಿ ಶಾಲೆಯ ಕೆಲಸಕ್ಕೆಂದು ಲ್ಯಾಪ್‌ಟಾಪು ತೆರೆದವಳು, "ಅಮ್ಮಾ!" ಎಂದು ಕೂಗಿದಳು. "ಅಪ್ಪನ ಅಂಗಡಿ ಇಷ್ಟೇನಾ?"

ಪಾತ್ರೆ ತೊಳೆಯುತ್ತಿದ್ದ ಸೊಸೆ ಒದ್ದೆ ಕೈಯಲ್ಲೇ ಓಡಿಬಂದಳು. "ಮುಚ್ಚು ಅದನ್ನ."

"ತಾಳು, ತಾಳು. ಈ ಸಾಫ್ಟ್‌ವೇರ್ ನಮ್ಮ ಶಾಲೇಲೂ ಇದೆ." ಗುಬ್ಬಿ ಎಲ್ಲೋ ಒತ್ತಿದಳು. ಚಪ್ಪಟೆಯಾಗಿದ್ದ ಚಕ್ರ ದಪ್ಪಗಾಯಿತು, ತಟ್ಟೆಯ ಹಾಗೆ ಹಿಂದಕ್ಕೆ ವಾಲಿತು. ಅದನ್ನು ಸುತ್ತ ತಿರುಗಿಸಿ ಅಪ್ಪನ ಹೋಳನ್ನು ಮುಂದಕ್ಕೆ ತಂದಳು, ಕೆಂಪು ಬಣ್ಣ ಕೊಟ್ಟಳು, ಅಂಕಿಗಳನ್ನು ಮರೆ ಮಾಡಿದಳು. ಬದಿಯ ದಪ್ಪವೂ ಸೇರಿ ಏಳು ಇದ್ದದ್ದು ಹದಿನೈದರ ಹಾಗೆ ಕಂಡಿತು. ಹಿಂದೆ ಹೋದ ಹೋಳುಗಳು ಕುಗ್ಗಿದವು.

"ನೋಡು! ಒಂದು ಅಂಕೀನೂ ಬದಲಾಯಿಸಿಲ್ಲ."

ಸೊಸೆ ನೋಡುತ್ತಲೇ ನಿಂತಳು. ಆಮೇಲೆ, ತಾನೇ ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲದೆ, "ಅತ್ತೆ, ಸ್ವಲ್ಪ ಬನ್ನಿ," ಎಂದು ಕರೆದಳು.

ಬಟಾಣಿ ಸುಲಿಯುತ್ತಿದ್ದ ಅಜ್ಜಿ ಮಡಿಲು ಕೊಡವಿಕೊಂಡು ಬಂದಳು. "ಇದರಲ್ಲಿ ಐದು ಅಂಗಡಿ ಇದೆ ಅತ್ತೆ. ಯಾವುದು ಎಲ್ಲಕ್ಕಿಂತ ಚಿಕ್ಕದು?"

ಅಜ್ಜಿ ಬೆರಳಿಟ್ಟದ್ದು ಹಿಂದಿನ ಹದಿಮೂರರ ಹೋಳಿನ ಮೇಲೆ. ಸೊಸೆ ಕುರ್ಚಿ ಎಳೆದುಕೊಂಡು ಕೂತಳು.

"ಯಾಕೆ, ತಪ್ಪಾ?"

ಗುಬ್ಬಿಗೆ ತಡೆಯಲಾಗಲಿಲ್ಲ. "ತಪ್ಪು ಅಜ್ಜಿ. ಈ ಕೆಂಪಿದು ಚಿಕ್ಕದು, ಅದು ಅಪ್ಪಂದು. ಇಲ್ಲಿ ಕೆಳಗೆ ಬರೆದಿದೆ, ಅಂಗಡಿ ಮುಚ್ಚೋ ಸಭೆಗೆ ಅಂತ. ಅಲ್ವಾ ಅಮ್ಮ?"

ಸೊಸೆ ತಲೆಯಾಡಿಸಿದಳು. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಕೆಂಪು ಹೋಳನ್ನು ಇನ್ನೊಮ್ಮೆ ನೋಡಿದಳು. ಆಮೇಲೆ ಹೇಳಿದಳು:

"ಹಾಗಾದ್ರೆ ಇದನ್ನೇ ಕೊಡು. ಯೋಚನೆ ಏನು?"

"ಅದು ಮೋಸ ಅತ್ತೆ."

"ಅಂಕಿ ಬದಲಾಯಿಸಿಲ್ಲ ಅಂತಾಳಲ್ಲ ಇವಳು! ಷರ್ಟಿನ ಕಲೆ ಒಳಗೆ ಹೋಗೋ ಹಾಗೆ ನಾನು ಮೂವತ್ತು ವರ್ಷ ಮಡಚಿದೀನಿ. ಯಾರೂ ನನ್ನ ಜೈಲಿಗೆ ಹಾಕ್ಲಿಲ್ಲ."

"ಮೇಡಂ ಕಣ್ಣಿಗೆ ಬಿದ್ರೆ?"

"ನನ್ನ ಕಣ್ಣಿಗೇ ಬೀಳ್ಲಿಲ್ಲ. ನಿಮ್ಮ ಮೇಡಂಗೆ ಬೀಳುತ್ತಾ?"

ಸೊಸೆ ಎರಡು ಚಾರ್ಟನ್ನೂ ಉಳಿಸಿಟ್ಟು ಪಾತ್ರೆ ತೊಳೆಯಲು ಹೋದಳು.

ಒಂದು ಗಂಟೆಗೆ ಮಗ ಬಂದ. ಕೂದಲಲ್ಲಿ ಹಳದಿ ಬಣ್ಣ. ಅನ್ನ, ಬಟಾಣಿ, ಬೇಯಿಸಿದ ಮೊಟ್ಟೆ ಬಡಿಸಿತ್ತು. ನಾಲ್ಕು ತುತ್ತು ಉಂಡು ಅವನು ಸುತ್ತ ನೋಡಿದ.

"ಏನು, ಎಲ್ಲರ ಬಾಯಿಗೂ ಬೀಗ ಬಿದ್ದಿದೆ?"

ಗುಬ್ಬಿ ಅಜ್ಜಿಯನ್ನು ನೋಡಿದಳು. ಅಜ್ಜಿ ಸೊಸೆಯನ್ನು ನೋಡಿ, "ಹೇಳಿಬಿಡು," ಎಂದಳು.

ಸೊಸೆ ಹೇಳಿದಳು. ಅವನು ಕೈ ತೊಳೆದು ಬಂದು ಚಾರ್ಟು ನೋಡಿದ. ಬಹಳ ಹೊತ್ತು ನೋಡಿದ.

"ಎಷ್ಟು ದಿನದಿಂದ ಗೊತ್ತು ನಿಂಗೆ?"

"ಒಂಬತ್ತು."

"ಒಂಬತ್ತು ದಿನ! ನಾನು ಏಣಿ ಹತ್ತಿ ಗೋಡೆ ಕೆರೀತಿದ್ದೆ. ನೀನು ನೋಡ್ತಾ ಕೂತಿದ್ದೆ."

"ಯಾರಿಗೂ ಹೇಳ್ಬೇಡಿ ಅಂದಿದ್ರು ರೀ."

"ನಾನು ಯಾರೋನಾ?"

"ಹೇಳಿದ್ರೆ ಏನು ಮಾಡ್ತಿದ್ರಿ?"

"ಬಣ್ಣದ ಡಬ್ಬ ವಾಪಸ್ ಕೊಡ್ತಿದ್ದೆ!"

ಗುಬ್ಬಿ ಫಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ಅವನಿಗೂ ನಗು ಬಂದು ಹೋಯಿತು, ಆದರೆ ತೋರಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ಅವನ ಬೆರಳು ತಗಲಿ ಎರಡನೇ ಚಾರ್ಟು ಪರದೆಯ ಮೇಲೆ ಬಂತು.

"ಇದ್ಯಾವುದು? ಇದ್ಯಾಕೆ ಹೀಗೆ ವಾಲಿಕೊಂಡಿದೆ?"

ಗುಬ್ಬಿ ವಿವರಿಸಿದಳು. ಅಪ್ಪನಿಗೆ ಖುಷಿಯಾಗುತ್ತದೆ ಎಂದುಕೊಂಡಿದ್ದಳು. ಅವನ ಮುಖ ಗಂಟಿಕ್ಕಿತು.

"ಹಾಸಿಗೆ ಕೆಳಗೆ ಹಲಗೆ ಇಟ್ಟು ದಪ್ಪ ತೋರ್ಸಿ ಮಾರೋರು ಇದಾರೆ. ನಾನು ಯಾವತ್ತೂ ಆ ಕೆಲಸ ಮಾಡಿಲ್ಲ. ಈಗ ನನ್ನ ಅಂಗಡಿ ಕೆಳಗೇ ಹಲಗೆ ಇಡ್ತೀರಾ? ಚಪ್ಪಟೆ ಇರೋದನ್ನೇ ಕೊಡು."

"ಅಂಗಡಿ ಮುಚ್ಚಿದ್ರೆ?"

"ದಿನಾ ಅಲ್ಲಿ ಕೂರೋನು ನಾನು. ಎಷ್ಟು ಜನ ಬರ್ತಾರೆ ಅಂತ ಚಕ್ರ ನೋಡಿ ತಿಳ್ಕೋಬೇಕಾ? ಅದಕ್ಕೇ ತಾನೇ ಬಣ್ಣ ಹೊಡೆಯೋಕೆ ಹೊರಟಿದ್ದು."

ಅಜ್ಜಿಗೆ ರೇಗಿತು. "ಗಂಡ ಹೆಂಡತಿ ಇಬ್ಬರೂ ಸತ್ಯದ ತುಂಡುಗಳು! ಒಬ್ಬರಾದ್ರೂ ಸ್ವಲ್ಪ ಚಾಲಾಕಿ ಇರಬಾರದಾ? ಅಂಗಡಿ ಮುಚ್ಚಿದ ಮೇಲೆ ಮಧ್ಯಾಹ್ನ ನನ್ನ ಜೊತೆ ಊಟಕ್ಕೆ ಯಾರು ಬರ್ತಾರೆ?"

ಮಗ ಎದ್ದು ಮತ್ತೆ ಬಣ್ಣ ಹೊಡೆಯಲು ಹೊರಟ.

"ಇನ್ನೂ ಯಾಕೆ ಹೊಡೀತೀಯೋ?"

"ಒಂದು ಗೋಡೆ ಹಳದಿ, ಮೂರು ಗೋಡೆ ಕಪ್ಪು ಇದ್ರೆ ಬಂದವರು ಏನಂದ್ಕೋತಾರೆ?"

ಮೂರು ದಿನ ಅವನು ಹೆಂಡತಿಯ ಜೊತೆ ನೇರವಾಗಿ ಮಾತಾಡಲಿಲ್ಲ. ಎಲ್ಲವೂ ಗುಬ್ಬಿಯ ಮೂಲಕ. "ನಿಮ್ಮಮ್ಮನ್ನ ಕೇಳು, ಬಕೆಟ್ಟು ಎಲ್ಲಿದೆ ಅಂತ." "ನಿಮ್ಮಪ್ಪನಿಗೆ ಹೇಳು, ಅವರ ಕಾಲ ಹತ್ರಾನೇ ಇದೆ ಅಂತ." ಮೂರನೇ ದಿನ ಸಂಜೆ ಗುಬ್ಬಿ, "ನಾಳೆ ನಂಗೆ ಪರೀಕ್ಷೆ ಇದೆ. ನಿಮ್ಮ ಟಪಾಲು ನೀವೇ ಹಂಚ್ಕೊಳ್ಳಿ," ಎಂದು ಪುಸ್ತಕ ಎತ್ತಿಕೊಂಡು ಒಳಗೆ ಹೋದಳು. ಮೇಜಿನ ಹತ್ತಿರ ಇಬ್ಬರೇ ಉಳಿದರು. ಸ್ವಲ್ಪ ಹೊತ್ತಿನ ಮೇಲೆ ಅವನು ಆಲೂಗಡ್ಡೆಯ ಬುಟ್ಟಿ ಎಳೆದುಕೊಂಡು, "ಎಷ್ಟು ಬೇಕು?" ಎಂದ.

"ಆರು. ತೆಳ್ಳಗೆ ಸುಲೀರಿ," ಎಂದಳು ಅವಳು.

ಅಲ್ಲಿಗೆ ಜಗಳ ಮುಗಿಯಿತು.

ಮಾರನೆಯ ಬೆಳಿಗ್ಗೆ ಅವಳು ಮೇಡಂ ಮುಂದೆ ಚಪ್ಪಟೆ ಚಾರ್ಟನ್ನು ಇಟ್ಟು ಹೇಳಿಬಿಟ್ಟಳು. "ಮೇಡಂ, ಈ ಏಳರ ಅಂಗಡಿ ನೋಡ್ಕೊಳ್ಳೋರು ನಮ್ಮನೆಯವರು. ಮನೇಲಿ ವಿಷಯ ಗೊತ್ತಾಗಿದೆ. ನನ್ನಿಂದಾನೇ ಗೊತ್ತಾಯ್ತು. ಈ ಕೆಲಸ ಬೇರೆಯವರಿಗೆ ಕೊಡೋದಿದ್ರೆ ಕೊಡಿ."

ಮೇಡಂ ಪೆನ್ನು ಕೆಳಗಿಟ್ಟರು. ಬೈಯುತ್ತಾರೆಂದು ಅವಳು ಕಾದಳು.

"ಅಂಕಿ ಸರಿ ಇದೆಯಾ?"

"ಎರಡು ಸಲ ನೋಡಿದೀನಿ."

"ಅಂಕಿ ಯಾರ ಗಂಡನೂ ಅಲ್ಲ. ಸಭೇಲೂ ನೀವೇ ತೋರ್ಸಿ. ಆದ್ರೆ ಇನ್ನೊಂದು ಸಲ ಗುಟ್ಟಿನ ಕಾಗದ ಮನೆಗೆ ಒಯ್ದರೆ ನಾನು ಸುಮ್ಮನಿರಲ್ಲ."

ಸಭೆಗೆ ಮೂವರು ನಿರ್ದೇಶಕರು ಬಂದಿದ್ದರು. ಗೋಡೆಯ ಮೇಲೆ ಆಳೆತ್ತರದ ಚಕ್ರ ಮೂಡಿದಾಗ ಯಾರೂ ಏನೂ ಕೇಳಬೇಕಾಗಲಿಲ್ಲ. ಕಂಪನಿಯನ್ನು ಕಟ್ಟಿದವರು, ಅವರಲ್ಲಿ ಹಿರಿಯರು, ಏಳರ ಹೋಳಿನ ಕಡೆ ಕೈ ತೋರಿಸಿ, "ನಾನು ಶುರು ಮಾಡಿದ್ದೇ ಈ ಅಂಗಡಿಯಿಂದ," ಎಂದರು. ಸ್ವಲ್ಪ ತಡೆದು, "ಇನ್ನು ಮೂರು ತಿಂಗಳಿಗೆ ಬಾಡಿಗೆ ಕರಾರು ಮುಗಿಯುತ್ತೆ. ಮುಂದುವರಿಸೋದು ಬೇಡ," ಎಂದರು. ಐದು ನಿಮಿಷದಲ್ಲಿ ತೀರ್ಮಾನ ಆಗಿಹೋಯಿತು. ಸೊಸೆ ಲ್ಯಾಪ್‌ಟಾಪಿನ ಹಿಂದೆ ತುಟಿ ಕಚ್ಚಿಕೊಂಡು ಕೂತಳು.

ಆಗ ಇನ್ನೊಬ್ಬ ನಿರ್ದೇಶಕರು ಕೇಳಿದರು: "ಮಾರಾಟ ಸರಿ. ಉಗ್ರಾಣದ ತುಂಬ ವಾಪಸ್ ಬಂದ ಹಾಸಿಗೆ ಬಿದ್ದಿದಾವಲ್ಲ, ಅವು ಎಲ್ಲಿಂದ ಬಂದದ್ದು?"

ಮೇಡಂ ಸೊಸೆಯ ಕಡೆ ತಿರುಗಿದರು. "ವಾಪಸಾತಿ ಪಟ್ಟಿ ಇದೆಯಲ್ಲ? ಇಲ್ಲೇ ಮಾಡಿ ತೋರ್ಸಿ."

ನಾಲ್ಕು ಜನ ನೋಡುತ್ತಿದ್ದಾಗ ಅವಳು ಕಡತ ಹುಡುಕಿದಳು. ಮೊದಲು ಬೇರೇನೋ ತೆರೆಯಿತು. ಎರಡನೇ ಸಲಕ್ಕೆ ಸಿಕ್ಕಿತು. ಅಂಗಡಿವಾರು ಕೂಡಿಸಿದಳು, ಹೆಸರು ಹೋಳಿನ ಮೇಲೆ ಬರುವ ಹಾಗೆ ಮಾಡಿದಳು, ಗುಂಡಿ ಒತ್ತಿದಳು. ಗೋಡೆಯ ಮೇಲೆ ಹೊಸ ಚಕ್ರ ಬಂತು. ಬಸ್ ನಿಲ್ದಾಣದ ಅಂಗಡಿಯೇ ಅರ್ಧಕ್ಕಿಂತ ಹೆಚ್ಚು ಜಾಗ ತುಂಬಿಕೊಂಡಿತ್ತು.

ಹಿರಿಯರು ಎಣಿಸಿದರು. "ನಾಲ್ಕೇ ಇದಾವಲ್ಲಮ್ಮ. ಒಂದು ಬಿಟ್ಟುಹೋಗಿದೆ."

"ಬಿಟ್ಟಿಲ್ಲ ಸರ್. ಇದೆ. ಕಣ್ಣಿಗೆ ಕಾಣ್ತಿಲ್ಲ ಅಷ್ಟೇ." ಅವಳು ಚಿತ್ರವನ್ನು ದೊಡ್ಡದು ಮಾಡಿ ತೋರಿಸಿದಳು. ಎರಡು ಹೋಳುಗಳ ನಡುವೆ ಕೂದಲೆಳೆಯಂಥ ಒಂದು ಗೆರೆ. "ಮಾರುಕಟ್ಟೆ ಬೀದಿ. ಆರು ತಿಂಗಳಿಗೆ ಮೂರು ಹಾಸಿಗೆ."

"ಮಾರಾಟವೇ ಕಮ್ಮಿ. ವಾಪಸ್ ಬರೋದೂ ಕಮ್ಮಿ," ಎಂದರು ಮತ್ತೊಬ್ಬರು.

ಮೇಡಂ ಬಿಡಲಿಲ್ಲ. "ನೂರಕ್ಕೆ ಎಷ್ಟು ಅಂತ ತೆಗೀರಿ."

ತೆಗೆದಳು. ದೊಡ್ಡ ಅಂಗಡಿಯಲ್ಲಿ ಮಾರಿದ ನೂರಕ್ಕೆ ಏಳು ವಾಪಸು ಬಂದಿದ್ದವು. ಮಾರುಕಟ್ಟೆ ಬೀದಿಯಲ್ಲಿ ನೂರಕ್ಕೆ ಒಂದೂ ಇರಲಿಲ್ಲ.

"ಯಾರು ಅಲ್ಲಿರೋದು?" ಎಂದು ಕೇಳಿದರು ಹಿರಿಯರು.

ಸೊಸೆಯ ಬದಲು ಮೇಡಂ ಉತ್ತರ ಕೊಟ್ಟರು.

ಅವಳು ಮನೆಗೆ ಬಂದಾಗ ಗಂಡ ಮೇಜಿನ ಹತ್ತಿರ ಹುರುಳಿಕಾಯಿ ಮುರಿಯುತ್ತಿದ್ದ. ಅಜ್ಜಿ ಎದುರಿಗೆ ಕೂತು ಅವನು ಮುರಿದದ್ದನ್ನು ಮತ್ತೆ ಮುರಿಯುತ್ತಿದ್ದಳು.

"ಮುಚ್ತಾರೆ. ಮೂರು ತಿಂಗಳು," ಎಂದಳು ಸೊಸೆ.

"ಗೊತ್ತಿತ್ತು."

"ನಿಮ್ಮನ್ನ ಬಸ್ ನಿಲ್ದಾಣದ ಅಂಗಡಿಗೆ ಕರೀತಿದಾರೆ. ಅಲ್ಲಿ ಮಾರಾಟಕ್ಕೆ ನಿಂತಿರೋ ಎಂಟು ಜನಕ್ಕೆ ಕಲಿಸ್ಬೇಕಂತೆ, ಗಿರಾಕಿಗೆ ಹೇಗೆ ಹಾಸಿಗೆ ತೋರಿಸೋದು ಅಂತ. ಅಲ್ಲಿಂದ ಲೆಕ್ಕವಿಲ್ಲದಷ್ಟು ವಾಪಸ್ ಬರ್ತಿದೆ. ನಿಮ್ಮ ಅಂಗಡೀದು ಮೂರೇ."

ಅವನು ಕೈಯಲ್ಲಿದ್ದ ಕಾಯಿ ಬಿಟ್ಟು ಯೋಚಿಸಿದ. "ಮೂರೇನಾ? ನಾಲ್ಕು ಅಂದ್ಕೊಂಡಿದ್ದೆ."

"ಬಾಯಿ ಮುಚ್ಕೊಂಡಿರೋ!" ಎಂದಳು ಅಜ್ಜಿ. "ಹೋಗಿ ನಾಲ್ಕು ಅಂತ ಹೇಳಿ ಬರ್ತೀಯಾ ಈಗ?"

ಒಪ್ಪಿಕೊಳ್ಳಲು ಅವನಿಗೆ ಹತ್ತು ದಿನ ಹಿಡಿಯಿತು. ಅಲ್ಲಿನ ಮ್ಯಾನೇಜರು ತನಗಿಂತ ಹನ್ನೆರಡು ವರ್ಷ ಚಿಕ್ಕವನು ಎಂಬುದು ಒಂದು ಮುನಿಸು. ಬಸ್ಸಿನಲ್ಲಿ ನಲವತ್ತು ನಿಮಿಷ ಎಂಬುದು ಇನ್ನೊಂದು. ಮಧ್ಯಾಹ್ನದ ಊಟದ ಮಾತನ್ನು ಯಾರೂ ಎತ್ತಲಿಲ್ಲ. ಕೊನೆಗೆ ಅಜ್ಜಿಯೇ, "ನಂಗೋಸ್ಕರ ಕೆಲಸ ಬಿಟ್ಟು ಮನೇಲಿ ಕೂತ್ರೆ ಮೂರು ಹೊತ್ತೂ ನಿನ್ನ ಮುಖ ನೋಡ್ಬೇಕಾಗುತ್ತೆ. ಹೋಗು," ಎಂದಳು.

ಮೂರು ತಿಂಗಳು ಬೇಗ ಕಳೆಯಿತು. ಹಳೆಯ ಅಂಗಡಿಯನ್ನು ಕನ್ನಡಕದ ವ್ಯಾಪಾರಿಯೊಬ್ಬ ಬಾಡಿಗೆಗೆ ಹಿಡಿದ. ಬೀಗದ ಕೈ ತೆಗೆದುಕೊಳ್ಳುವಾಗ ಒಳಗೆಲ್ಲ ನೋಡಿ, "ಗೋಡೆ ಚೆನ್ನಾಗಿದೆ. ನಾನು ಬಣ್ಣ ಹೊ​ಡಿಸೋ ಅಗತ್ಯಾನೇ ಇಲ್ಲ," ಎಂದ. ಅವತ್ತು ಮಗ ಮನೆಗೆ ಬಂದು ಅದನ್ನು ಮೂರು ಸಲ ಹೇಳಿದ. ಮೂರು ಸಲವೂ ಸೊಸೆ ಮೊದಲ ಸಲ ಕೇಳುವವಳ ಹಾಗೆ ಕೇಳಿದಳು.

ಹೊಸ ಅಂಗಡಿಗೆ ಅವನು ಡಬ್ಬಿ ಒಯ್ಯತೊಡಗಿದ. ಮೊದಲ ಮೂರು ದಿನ ಅಜ್ಜಿ ಒಬ್ಬಳೇ ಮೇಜಿಗೆ ಕೂರಲು ಮನಸ್ಸಿಲ್ಲದೆ ಅಡಿಗೆಮನೆಯಲ್ಲಿ ನಿಂತುಕೊಂಡೇ ಪಾತ್ರೆಯಿಂದ ನಾಲ್ಕು ತುತ್ತು ತಿಂದು ಮುಗಿಸಿದಳು. ಸಂಜೆ ಪಾತ್ರೆಯಲ್ಲಿ ಅನ್ನ ಉಳಿದದ್ದನ್ನು ಸೊಸೆ ನೋಡಿದಳು.

"ಅತ್ತೆ, ಮಧ್ಯಾಹ್ನ ಊಟ ಮಾಡ್ಲಿಲ್ವಾ?"

"ಮಾಡ್ದೆ. ಹಸಿವು ಕಮ್ಮಿ ಈಗ."

"ನಾಳೆ ಅವರಿಗೆ ಡಬ್ಬಿ ಕೊಡಲ್ಲ ನಾನು," ಎಂದಳು ಸೊಸೆ.

"ಅಯ್ಯೋ, ಉಪವಾಸ ಕೆಡವ್ತೀಯಾ ಅವನನ್ನ?"

"ಬಸ್ಸು ಹನ್ನೆರಡಕ್ಕೆ ನಮ್ಮ ಬೀದಿ ತಿರುವಿನಿಂದ್ಲೇ ಹೊರಡುತ್ತೆ. ಅಂಗಡಿ ಎದುರಿಗೇ ನಿಲ್ಲುತ್ತೆ. ನೀವೇ ತಗೊಂಡ್ ಹೋಗಿ. ಇಬ್ಬರಿಗೂ ಸೇರಿಸಿ ಹಾಕಿರ್ತೀನಿ."

ಅಜ್ಜಿ ಆಗೋದಿಲ್ಲ ಎಂದಳು, ಬಸ್ಸಿನಲ್ಲಿ ನೂಕುತ್ತಾರೆ ಎಂದಳು, ಮಂಡಿ ನೋವು ಎಂದಳು. ಮಾರನೆಯ ದಿನ ಹನ್ನೊಂದೂವರೆಗೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ಮೂರು ಅಂತಸ್ತಿನ ಡಬ್ಬಿ ಹಿಡಿದು ತಿರುವಿನಲ್ಲಿ ನಿಂತಿದ್ದಳು.

ತಾಯಿ ಮಗ ಅಂಗಡಿಯ ಹಿಂದಿನ ಉಗ್ರಾಣದಲ್ಲಿ ದಿಂಬಿನ ರಾಶಿಗೆ ಒರಗಿ ಕೂತು ಅನ್ನ ಉಂಡರು. ಅಂಗಡಿಯ ಎಂಟು ಜನರಲ್ಲಿ ಯಾರು ಚುರುಕು, ಯಾರು ಸೋಮಾರಿ ಎಂದು ಅವನು ಒಬ್ಬೊಬ್ಬರ ಬಗ್ಗೆಯೂ ಹೇಳಿದ. ಹಿಂದಿರುಗುವ ಬಸ್ಸು ಮೂರು ಗಂಟೆಗೆ. "ಅಲ್ಲೀವರೆಗೂ ಇಲ್ಲಿ ಹೊರಗೆ ಸ್ವಲ್ಪ ಕಾಲು ಚಾಚ್ಕೋ ಅಮ್ಮ," ಎಂದು ಅವನು ಅಂಗಡಿಯಲ್ಲಿ ಸಾಲಾಗಿ ಜೋಡಿಸಿದ್ದ ಮಂಚಗಳಲ್ಲಿ ಒಂದನ್ನು ತೋರಿಸಿದ. ಅಜ್ಜಿ ಸಂಕೋಚದಿಂದ ಅಂಚಿನಲ್ಲಿ ಕೂತಳು. ಆಮೇಲೆ ಕಾಲು ಮೇಲಿಟ್ಟಳು. ಆಮೇಲೆ ಸಣ್ಣಗೆ ಗೊರಕೆ ಕೇಳಿಸಿತು.

ಚಿಕ್ಕ ವಯಸ್ಸಿನ ಮ್ಯಾನೇಜರು ದೂರದಿಂದ ನೋಡಿ ಹುಬ್ಬು ಗಂಟಿಕ್ಕಿದ. ಎಬ್ಬಿಸಲು ಹೇಳಬೇಕೆನ್ನುವಷ್ಟರಲ್ಲಿ, ಹೊಸದಾಗಿ ಮದುವೆಯಾದವರಂತಿದ್ದ ಜೋಡಿಯೊಂದು ಒಳಗೆ ಬಂತು. ಹೆಂಡತಿ ಮಲಗಿದ್ದ ಅಜ್ಜಿಯನ್ನು ನೋಡಿ ನಿಂತಳು.

"ಎಷ್ಟು ಚೆನ್ನಾಗಿ ನಿದ್ದೆ ಬಂದಿದೆ ನೋಡಿ! ನಮಗೆ ಇದೇ ಹಾಸಿಗೆ ಕೊಡಿ."

ಮ್ಯಾನೇಜರು ಖುಷಿಯಿಂದ ರಸೀತಿ ಪುಸ್ತಕ ತೆಗೆದ. ಮಗ ಅಡ್ಡ ಬಂದ.

"ಅವರು ನಮ್ಮಮ್ಮ. ಬಸ್ಸಿನ ಸೀಟಲ್ಲೂ ಹೀಗೇ ನಿದ್ದೆ ಮಾಡ್ತಾರೆ. ಅವರನ್ನ ನೋಡಿ ತಗೋಬೇಡಿ. ಚಪ್ಪಲಿ ಬಿಚ್ಚಿ, ಈ ಪಕ್ಕದ್ದರಲ್ಲಿ ನೀವೇ ಮಲಗಿ ನೋಡಿ."

ಇಬ್ಬರೂ ಮುಖ ಮುಖ ನೋಡಿಕೊಂಡು, ನಾಚಿಕೊಂಡು, ಚಪ್ಪಲಿ ಬಿಚ್ಚಿ ಮಲಗಿದರು. ಮಾತಿನ ಸದ್ದಿಗೆ ಅಜ್ಜಿ ಕಣ್ಣು ಬಿಟ್ಟಳು. ಪಕ್ಕದ ಮಂಚದಲ್ಲಿ ಗುರುತಿಲ್ಲದ ಇಬ್ಬರು ಅಂಗಾತ ಮಲಗಿ ಚಾವಣಿ ನೋಡುತ್ತಿದ್ದರು. ತಾನೆಲ್ಲಿದ್ದೇನೆಂದು ಅವಳಿಗೆ ಒಂದು ಗಳಿಗೆ ಹೊಳೆಯಲಿಲ್ಲ. ಆದರೂ ಕೆನ್ನೆಯ ಕೆಳಗೆ ಕೈ ಇಟ್ಟು ಅವರ ಕಡೆ ಮಗ್ಗುಲಾಗಿ, "ಊಟ ಆಯ್ತಾ?" ಎಂದು ಕೇಳಿದಳು.